ಗಡ್ಡದ ಓತಿಯೂ ಅದರ ಆಹಾರವೂ

ಬೇಸಗೆಯ ಬೆಳಗಿನಲ್ಲಿ ಯಡಿಯೂರಿನ ಆಸುಪಾಸಿನ ಯಾವ ಬೇಲಿಯನ್ನು ನೋಡಿದರೂ ಅದರ ಮೇಲೊಂದು ಓತಿಕೇತ ಕುಳಿತಿರುವುದು ಕಾಣುತ್ತದೆ. ಮೈಯನ್ನು ಬಿಸಿಲಿಗೊಡ್ಡಿ, ಮುಂಗಾಲುಗಳ ಮೇಲೆ ಎದೆಯನ್ನೆತ್ತಿ, ಆಗಿಂದಾಗ್ಗೆ ತಲೆಯಾಡಿಸುತ್ತ ಅದು ಕಾಯುತ್ತಿರುತ್ತದೆ. ಮಿಡತೆಯೊಂದು ಹಾರಿ ಬಂದು ಹತ್ತಿರದಲ್ಲಿ ಕುಳಿತಿತೆಂದರೆ ಕ್ಷಣಾರ್ಧದಲ್ಲಿ ಅದು ಓತಿಯ ಬಾಯಲ್ಲಿರುತ್ತದೆ. ಯಾವ ಹುಳುವನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು, ತಿಂದ ಮೇಲೆ ಎಷ್ಟು ಹೊತ್ತು ಬಿಸಿಲಿನಲ್ಲಿರಬೇಕು ಎಂಬುದನ್ನು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಓತಿಕೇತಕ್ಕೆ ಆಸ್ಟ್ರೇಲಿಯ ಖಂಡದಲ್ಲೊಂದು ದಾಯಾದಿ ಪ್ರಾಣಿಯುಂಟು. ಎರಡೂ ಅಗಮಿಡೆ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಆ ಖಂಡದ ಒಳನಾಡಿನ ಒಣಭೂಮಿಯಲ್ಲಿ ಬಾಳುವ ಈ ಪ್ರಾಣಿಯ ಗಂಟಲ ಕೆಳಗೆ ಮುಳ್ಳುಮುಳ್ಳಾದ ಚರ್ಮವಿದೆ. ಹೆದರಿದಾಗ ಅಥವಾ ಸಿಟ್ಟಿಗೆದ್ದಾಗ ಅದು ಉಬ್ಬಿ ಕಪ್ಪಾಗಿ, ಗಡ್ಡದಂತೆ ತೋರುತ್ತದೆ. ಆದುದರಿಂದಲೇ ಇಂಗ್ಲಿಷಿನವರು ಇದನ್ನು ಬಿಯರ್ಡೆಡ್ ಡ್ರ್ಯಾಗನ್ ಎಂದು ಕರೆದರು. ನಾವು ಗಡ್ಡದ ಓತಿ ಎನ್ನಬಹುದು. ಬೆಳೆದ ಪ್ರಾಣಿ ಬಾಲವೂ ಸೇರಿ 45ರಿಂದ 60 ಸೆಂಟಿಮೀಟರ್ ಉದ್ದವಿರುತ್ತದೆ. ಆಸ್ಟ್ರೇಲಿಯ ತನ್ನ ವನ್ಯಜೀವಿಗಳ ವಾಣಿಜ್ಯ ರಫ್ತನ್ನು 1960ರ ದಶಕದಿಂದಲೇ ತಡೆದಿದೆ. ಆದರೂ ಹೇಗೋ ಹೊರಬಂದ ಕೆಲವು ಓತಿಗಳ ಸಂತಾನ ಇತರ ದೇಶಗಳ ಪಂಜರಗಳಲ್ಲಿ ಬೆಳೆದು, ಇಂದು ಬೆಂಗಳೂರಿನ ಮನೆಗಳಿಗೂ ಬಂದಿದೆ. ಸಾಧು ಸ್ವಭಾವದ ಪ್ರಾಣಿಯಾದುದರಿಂದ ಮಕ್ಕಳಿಗೆ ಇದರ ಮೇಲೆ ಬಹಳ ಮಮತೆ.

ಬೇಲಿಯ ಮೇಲಿನ ಓತಿ ತನ್ನ ಆಹಾರವನ್ನು ತಾನೇ ಆರಿಸಿಕೊಳ್ಳುತ್ತದೆ. ಪಂಜರದ ಓತಿಗೆ ಆ ಆಯ್ಕೆಯಿಲ್ಲ. ನಾವು ಮುಂದಿಟ್ಟುದೇ ಅದಕ್ಕೆ ಊಟ. ಅದಕ್ಕೆ ಕೇಡು ತಗಲುವುದು ಹಸಿವಿನಿಂದಲ್ಲ, ಅನೇಕ ವೇಳೆ ನಾವು ಪ್ರೀತಿಯಿಂದ ಕೊಟ್ಟ ಆಹಾರದಿಂದಲೇ. ಹೊಲದ ತುಂಬ ಮಿಡತೆಗಳಿರುವಾಗ ಅಂಗಡಿಯಿಂದ ಹುಳು ಕೊಳ್ಳುವುದೇಕೆ ಎಂದು ಕೇಳುವವರುಂಟು. ಪ್ರಶ್ನೆ ಸಹಜವಾದುದೇ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಜೀವಿಗಳ ಆಹಾರಸರಪಣಿಯ ವಿಷಯದಲ್ಲಿ ಒಂದು ಮುಖ್ಯವಾದ ತತ್ತ್ವವೇ ನಮಗೆ ದೊರೆಯುತ್ತದೆ.

ಹುಳುವೆಂಬ ಪಾತ್ರೆ

ನಾವು ಹುಳುವನ್ನು ಒಂದು ಆಹಾರಪದಾರ್ಥವೆಂದು ಎಣಿಸುತ್ತೇವೆ. ಅಕ್ಕಿ ಎಂದರೆ ಅಕ್ಕಿ, ಮಿಡತೆ ಎಂದರೆ ಮಿಡತೆ. ಇದು ಅರ್ಧ ಸತ್ಯ ಮಾತ್ರ. ಹುಳು ಒಂದು ಪಾತ್ರೆಯೂ ಹೌದು. ಅದು ಯಾವ ಎಲೆಯನ್ನು ತಿಂದಿತೋ, ಆ ಎಲೆಯಲ್ಲಿ ಏನಿತ್ತೋ, ಆ ಎಲೆಯ ಮೇಲೆ ಯಾರು ಏನನ್ನು ಸಿಂಪಡಿಸಿದ್ದರೋ, ಅದೆಲ್ಲವನ್ನೂ ಹೊತ್ತುಕೊಂಡೇ ಅದು ಓತಿಯ ಹೊಟ್ಟೆಯನ್ನು ಸೇರುತ್ತದೆ.

ಈ ಮಾತನ್ನು ಅಂದವಾಗಿ ಸಿದ್ಧಪಡಿಸಿ ತೋರಿಸಿದವರು ಅಮೆರಿಕದ ಲಿಂಕನ್ ಬ್ರೋವರ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು. ಆ ದೇಶದಲ್ಲಿ ಮೊನಾರ್ಕ್ ಎಂಬ ಕಿತ್ತಳೆಬಣ್ಣದ ಚಿಟ್ಟೆಯಿದೆ. ಅದರ ಮರಿಹುಳು ನಮ್ಮ ಎಕ್ಕದ ಸಂಬಂಧಿಯಾದ, ಹಾಲು ಸುರಿಸುವ ಗಿಡಗಳನ್ನು ತಿಂದು ಬೆಳೆಯುತ್ತದೆ. 1960ರ ದಶಕದಲ್ಲಿ ಬ್ರೋವರ್ ಈ ಮರಿಹುಳುಗಳಲ್ಲಿ ಕೆಲವನ್ನು ಎಲೆಕೋಸಿನ ಮೇಲೆ ಸಾಕುವುದರಲ್ಲಿ ಸಫಲರಾದರು. ಎಲೆಕೋಸು ತಿಂದು ಬೆಳೆದ ಚಿಟ್ಟೆಗಳನ್ನು ಹಕ್ಕಿಗಳು ನಿರಾತಂಕವಾಗಿ ತಿಂದುವು. ಹಾಲುಗಿಡವನ್ನು ತಿಂದು ಬೆಳೆದ ಅದೇ ಜಾತಿಯ ಚಿಟ್ಟೆಗಳನ್ನು ತಿಂದ ಹಕ್ಕಿಗಳಾದರೋ ಸ್ವಲ್ಪ ಹೊತ್ತಿನಲ್ಲೇ ವಾಂತಿಮಾಡಿಕೊಂಡುವು. ಚಿಟ್ಟೆ ಒಂದೇ, ಬೇರೆಯಾದದ್ದು ಅದು ತಿಂದ ಎಲೆ. ಗಿಡದ ಹಾಲಿನಲ್ಲಿದ್ದ, ಹೃದಯದ ಬಡಿತವನ್ನೇ ಕೆಡಿಸಬಲ್ಲ ವಿಷವು ಹುಳುವಿನ ಮೈಯಲ್ಲಿ ಶೇಖರವಾಗಿತ್ತು.

ಇದಕ್ಕೆ ಉದಾಹರಣೆಯನ್ನು ನೋಡಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಕುಣಿಗಲ್ ಸೀಮೆಯ ರಸ್ತೆಯ ಬದಿಗಳಲ್ಲಿ ಎಕ್ಕದ ಗಿಡಕ್ಕೆ ಬರವೆ? ಅದರ ಮೇಲೆ ಹಳದಿ ಮತ್ತು ನೀಲಿಹಸುರು ಪಟ್ಟೆಗಳ, ಚಿತ್ರ ಬರೆದಂತಿರುವ ದಪ್ಪ ಮಿಡತೆಯೊಂದು ಕಾಣಸಿಗುತ್ತದೆ. ಮೆಲ್ಲಗೆ ನಡೆಯುತ್ತದೆ, ಓಡಿಹೋಗುವ ಆತುರವಿಲ್ಲ. ಹುಡುಗರು ಸುಲಭವಾಗಿ ಹಿಡಿಯಬಲ್ಲ ಮಿಡತೆ ಇದೇ. ಎಕ್ಕದ ಹಾಲಿನ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡ ಹುಳುವಿಗೆ ಓಡುವ ಅಗತ್ಯವಾದರೂ ಏನು? ಅದರ ಢಾಳಾದ ಬಣ್ಣವು ಹಕ್ಕಿಗಳಿಗೆ ಹಾಕಿದ ಎಚ್ಚರಿಕೆಯ ಫಲಕವೆಂದೇ ತಿಳಿಯಬೇಕು. ಹಾಗೆಯೇ ಅವರೆ, ಅಲಸಂದೆ ಮುಂತಾದ ಬೆಳೆಗಳ ಹೂವನ್ನು ಮೇಯುವ, ಕಪ್ಪು ಮತ್ತು ಕಿತ್ತಳೆ ಪಟ್ಟೆಯ ದುಂಬಿಯಲ್ಲಿ ಕ್ಯಾಂಥರಿಡಿನ್ ಎಂಬ ವಿಷವಿದೆ. ಅದರ ರಸ ತಗಲಿದರೆ ಮನುಷ್ಯನ ಚರ್ಮದ ಮೇಲೂ ಬೊಬ್ಬೆಗಳೇಳುತ್ತವೆ. ಇವುಗಳಲ್ಲಿ ಯಾವುದನ್ನೂ ಗಡ್ಡದ ಓತಿಯ ಮುಂದಿಡಬಾರದು.

ಇವೆಲ್ಲಕ್ಕಿಂತ ಭಯಂಕರವಾದುದು ಮಿಂಚುಹುಳು. ಅಮೆರಿಕದ ಫೋಟಿನಸ್ ಎಂಬ ಮಿಂಚುಹುಳುವನ್ನು ತಿಂದ ಗಡ್ಡದ ಓತಿಗಳು ಸತ್ತ ಪ್ರಸಂಗಗಳನ್ನು ಕಾರ್ನೆಲ್ ವಿಶ್ವವಿದ್ಯಾನಿಲಯದ ಥಾಮಸ್ ಐಸ್ನರ್ ಮತ್ತು ಅವರ ಸಹೋದ್ಯೋಗಿಗಳು 1999ರಲ್ಲಿ ಪ್ರಕಟಿಸಿದರು. ಆ ಹುಳುವಿನಲ್ಲಿರುವ ವಿಷವು ರಚನೆಯಲ್ಲಿ ಕಪ್ಪೆಗಳ ಚರ್ಮದ ವಿಷವನ್ನು ಹೋಲುತ್ತದೆ. ಒಂದೇ ಒಂದು ಹುಳು ಓತಿಯ ಪ್ರಾಣ ತೆಗೆಯಬಲ್ಲುದು. ಆ ಜಾತಿಯ ಹುಳು ಆಸ್ಟ್ರೇಲಿಯದಲ್ಲಿಲ್ಲ. ಆದಕಾರಣ ಅದನ್ನು ಕಂಡರೆ ದೂರವಿರಬೇಕೆಂಬ ಹುಟ್ಟರಿವು ಗಡ್ಡದ ಓತಿಗೆ ಬಂದಿಲ್ಲ. ಇನ್ನೂ ವಿಚಿತ್ರವೇನೆಂದರೆ, ಫೊಟ್ಯೂರಿಸ್ ಎಂಬ ಮತ್ತೊಂದು ಜಾತಿಯ ಹೆಣ್ಣು ಮಿಂಚುಹುಳು ಫೋಟಿನಸ್ ಹೆಣ್ಣಿನಂತೆಯೇ ದೀಪ ಮಿನುಗಿಸಿ, ಮರುಳಾಗಿ ಬಂದ ಫೋಟಿನಸ್ ಗಂಡನ್ನು ತಿಂದುಬಿಡುತ್ತದೆ. ಅದರೊಡನೆ ವಿಷವನ್ನೂ ತನ್ನದಾಗಿಸಿಕೊಳ್ಳುತ್ತದೆ. ಇಲ್ಲಿಯೂ ಹುಳು ಪಾತ್ರೆಯೇ ಅಲ್ಲವೆ? ಮುಂಗಾರಿನ ಮೊದಲ ಮಳೆಗಳ ಕಾಲದಲ್ಲಿ ನಮ್ಮ ತೋಟಗಳಲ್ಲಿ ಮಿನುಗುವ ಹುಳುಗಳ ಜಾತಿ ಬೇರೆ. ಆದರೂ ಪರೀಕ್ಷೆ ಮಾಡಿ ನೋಡುವ ವಿಷಯ ಇದಲ್ಲ. ರಾತ್ರಿಯ ದೀಪಕ್ಕೆ ಬಂದು ಬೀಳುವ ಹುಳುಗಳನ್ನು ಗುಡಿಸಿ ಪಂಜರಕ್ಕೆ ಹಾಕುವ ಅಭ್ಯಾಸವೇ ಅಪಾಯಕರವಾದುದು.

ಪ್ರಕೃತಿ ಇಟ್ಟ ವಿಷದಂತೆಯೇ ಮನುಷ್ಯನಿಟ್ಟ ವಿಷವೂ ಈ ಪಾತ್ರೆಯಲ್ಲಿ ಸಾಗುತ್ತದೆ. ತರಕಾರಿ, ಭತ್ತ, ಹೂವಿನ ಹೊಲಗಳಲ್ಲಿ ಕೀಟನಾಶಕ ಹೊಡೆಯದಿರುವುದು ಇಂದು ಅಪರೂಪ. ಔಷಧ ಬಿದ್ದ ಹೊಲದ ಮಿಡತೆ ಕೂಡಲೇ ಸಾಯಬೇಕೆಂದಿಲ್ಲ. ತತ್ತರಿಸುತ್ತ ನಿಧಾನವಾಗಿ ಚಲಿಸುತ್ತಿರುತ್ತದೆ. ಹೀಗಾಗಿ ಹಿಡಿಯುವವನ ಕೈಗೆ ಸುಲಭವಾಗಿ ಸಿಕ್ಕುವುದು ವಿಷ ತಗಲಿದ ಹುಳುವೇ. ಮನೆಯ ಜಿರಲೆಗೂ ಇದೇ ಮಾತು ಅನ್ವಯಿಸುತ್ತದೆ. ಹೊಲದ ಹುಳು ಬೇಡವೆನ್ನುವುದಕ್ಕೆ ಕಾರಣ ಇದು: ಅದು ಏನು ತಿಂದು ಬಂದಿತೆಂಬುದು ನಮಗೆ ತಿಳಿಯದು.

ಕುಣಿಗಲ್ಲಿನ ಹುಳು

ಹಾಗಾದರೆ ಏನು ತಿಂದಿದೆಯೆಂದು ಖಚಿತವಾಗಿ ಹೇಳಬಹುದಾದ ಹುಳು ಯಾವುದಾದರೂ ಉಂಟೆ? ಉಂಟು, ಅದು ಕುಣಿಗಲ್ ಸೀಮೆಯವರಿಗೆ ತಲೆಮಾರುಗಳಿಂದ ಪರಿಚಿತವಾದ ರೇಷ್ಮೆಹುಳು. ಹಿಪ್ಪುನೇರಳೆ ಸೊಪ್ಪಲ್ಲದೆ ಬೇರೇನನ್ನೂ ರೈತ ಅದಕ್ಕೆ ಹಾಕುವುದಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ಈ ಉದ್ಯಮದಲ್ಲಿ ಕುಣಿಗಲ್, ಮಾಗಡಿ ಪ್ರದೇಶಗಳಿಗೆ ವಿಶೇಷ ಸ್ಥಾನವಿದೆ. ಮೈಸೂರು ತಳಿ ಎಂಬ ಹಳೆಯ ನಾಡತಳಿಯ ಬಿತ್ತನೆಗೂಡು ಬೆಳೆಯುವ ಸೀಮೆಯಿದು. ಇಲ್ಲಿಯ ಗೂಡುಗಳಿಂದ ಹೊರಬಂದ ಹೆಣ್ಣು ಚಿಟ್ಟೆಗಳನ್ನು ಬೇರೆ ತಳಿಯ ಗಂಡುಗಳೊಡನೆ ಕೂಡಿಸಿ, ರೈತರಿಗೆ ಹಂಚುವ ಮಿಶ್ರತಳಿಯ ಮೊಟ್ಟೆಗಳನ್ನು ತಯಾರಿಸುತ್ತಾರೆ.

ಓತಿಯ ಆಹಾರವಾಗಿ ರೇಷ್ಮೆಹುಳುವಿನಲ್ಲಿ ಮೂರು ಗುಣಗಳಿವೆ. ಮೊದಲನೆಯದಾಗಿ, ಅದರ ಮೈ ಮೃದು; ನೂರರಲ್ಲಿ ಎಂಬತ್ತು ಪಾಲಿಗೂ ಮಿಕ್ಕಿ ನೀರು. ಒಣಹವೆಯ ಪಂಜರದಲ್ಲಿರುವ ಪ್ರಾಣಿಗೆ ಈ ನೀರು ಬಹಳ ಉಪಕಾರಿ. ಎರಡನೆಯದಾಗಿ, ಅದರಲ್ಲಿ ಕೊಬ್ಬು ಅತ್ಯಲ್ಪ, ನೂರಕ್ಕೆ ಒಂದು ಪಾಲಿನಷ್ಟು. ಅಂಗಡಿಗಳಲ್ಲಿ ಮೀಲ್‌ವರ್ಮ್ ಎಂದು ಮಾರುವ ಹಿಟ್ಟಿನ ಹುಳುವಿನಲ್ಲಾದರೋ ಕೊಬ್ಬು ಸುಮಾರು 13 ಪಾಲು. ಸೂಪರ್‌ವರ್ಮ್ ಎಂಬುದರಲ್ಲಿ ಅದಕ್ಕಿಂತಲೂ ಹೆಚ್ಚು. ಓಡಾಟವಿಲ್ಲದ ಓತಿ ಇವುಗಳನ್ನೇ ದಿನವೂ ತಿಂದರೆ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ಮೂರನೆಯದಾಗಿ, ರೇಷ್ಮೆಹುಳು ಕೀಟನಾಶಕಗಳಿಗೆ ಅತ್ಯಂತ ಸೂಕ್ಷ್ಮ. ಔಷಧದ ಸೋಂಕು ಸ್ವಲ್ಪ ಇದ್ದರೂ ಸೊಪ್ಪು ತಿಂದ ಹುಳು ನರಳಿ ಸಾಯುತ್ತದೆ. ಆರೋಗ್ಯವಾಗಿ ಮೇಯುತ್ತಿರುವ ಹುಳುವೆಂದರೆ ಸೊಪ್ಪು ಶುದ್ಧವಾಗಿದೆಯೆಂಬುದಕ್ಕೆ ತಕ್ಕಮಟ್ಟಿನ ಸಾಕ್ಷಿ.

ಹೀಗೆಂದು ನೇರವಾಗಿ ಹುಳು ಸಾಕುವ ಮನೆಗೆ ಹೋಗಿ ಕೈಗೆ ಸಿಕ್ಕಷ್ಟು ತರುವುದು ಸಲ್ಲದು. ಇದಕ್ಕೆ ಎರಡು ಕಾರಣಗಳುಂಟು. ಹುಳು ಜ್ವರಕ್ಕೆ ಕೂತು ಎದ್ದಾಗ, ಅಂದರೆ ಪೊರೆ ಕಳಚಿದಾಗ, ರೈತರು ತಟ್ಟೆಯ ಮೇಲೆ ಸುಣ್ಣವನ್ನೂ ಸೋಂಕುನಿವಾರಕ ಪುಡಿಯನ್ನೂ ಎರಚುತ್ತಾರೆ. ಹುಳುವಿಗೆ ಹಿತವಾದ ಆ ಪುಡಿ ಓತಿಯ ಬಾಯಿಗೆ ತಕ್ಕುದಲ್ಲ. ಎರಡನೆಯ ಕಾರಣ ರೈತನಿಗೆ ಸಂಬಂಧಿಸಿದ್ದು. ಗಂಟುರೋಗ, ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟುರೋಗಗಳು ಒಂದು ಮನೆಯಿಂದ ಮತ್ತೊಂದು ಮನೆಗೆ ಕಾಲಿನ ಧೂಳಿನಲ್ಲೇ ದಾಟುತ್ತವೆ. ಗಂಟುರೋಗವಂತೂ ತಾಯಿಯಿಂದ ಮೊಟ್ಟೆಗೂ ಹೋಗುತ್ತದೆ. 1865ರಿಂದ ಕೆಲವು ವರ್ಷಗಳ ಕಾಲ ದಕ್ಷಿಣ ಫ್ರಾನ್ಸಿನಲ್ಲಿ ಲೂಯಿ ಪಾಸ್ತರ್ ಈ ರೋಗವನ್ನು ಅಭ್ಯಸಿಸಿ, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕ್ರಮವನ್ನು ಬಳಕೆಗೆ ತಂದರು. ಬಿತ್ತನೆ ಕೇಂದ್ರಗಳಲ್ಲಿ ಇಂದಿಗೂ ತಾಯಿಚಿಟ್ಟೆಯ ಪರೀಕ್ಷೆ ನಡೆಯುತ್ತದೆ. ನಮ್ಮ ರಾಜ್ಯದಲ್ಲಿ ಬಿತ್ತನೆ ಮೊಟ್ಟೆ ಮತ್ತು ಗೂಡುಗಳ ವ್ಯವಹಾರವನ್ನು ನಿಯಂತ್ರಿಸಲು 1959ರಷ್ಟು ಹಿಂದೆಯೇ ಕಾಯಿದೆಯಾಗಿದೆ. ಒಂದು ಓತಿಯ ಊಟಕ್ಕಾಗಿ ಹುಳುಗಳನ್ನು ಮನಬಂದಂತೆ ಸಾಗಿಸಿ ಬಡರೈತನ ಒಂದು ಬೆಳೆಯನ್ನು ಅಪಾಯಕ್ಕೊಡ್ಡುವುದು ನ್ಯಾಯವಲ್ಲ. ರೇಷ್ಮೆ ಇಲಾಖೆಯ ಸಿಬ್ಬಂದಿಯನ್ನು ವಿಚಾರಿಸಿ, ಚಾಕಿ ಸಾಕಾಣಿಕೆ ಕೇಂದ್ರದಿಂದ ಕೆಲವೇ ಮರಿಹುಳುಗಳನ್ನು ಪಡೆದು, ಪ್ರತ್ಯೇಕವಾದ ತಟ್ಟೆಯಲ್ಲಿ, ಔಷಧ ಹೊಡೆಯದ ಗಿಡದ ಸೊಪ್ಪು ಹಾಕಿ ಸಾಕುವುದು ಯುಕ್ತಮಾರ್ಗ. ಮಿಕ್ಕ ಹುಳುವನ್ನಾಗಲಿ ಕಸವನ್ನಾಗಲಿ ಮತ್ತೆ ರೈತನ ಮನೆಗೆ ಒಯ್ಯಬಾರದು. ಮಂಕಾದ, ಊದಿದ, ಬಣ್ಣಗೆಟ್ಟ ಹುಳುವನ್ನು ಓತಿಗೂ ಕೊಡಬಾರದು. ನೂಲು ಬಿಚ್ಚಿದ ಮೇಲೆ ಉಳಿಯುವ ಬೆಂದ ಕೋಶಗಳು ಅಗ್ಗವೆಂದು ತರುವವರುಂಟು. ಅವು ಬೇಗ ಕೊಳೆಯುವ, ಕೊಬ್ಬು ತುಂಬಿದ ಪದಾರ್ಥ. ಅವೂ ಬೇಡ.

ಸುಣ್ಣಾಂಶದ ಲೆಕ್ಕ

ವಿಷವಿಲ್ಲದ ಹುಳು ದೊರೆತ ಮಾತ್ರಕ್ಕೆ ಊಟ ಪೂರ್ಣವಾಯಿತೆ? ಆಗಲಿಲ್ಲ. ಪಾತ್ರೆಯಲ್ಲಿ ಕೆಟ್ಟದ್ದು ಇರಬಾರದೆಂಬುದು ಒಂದು ಮುಖ. ಒಳ್ಳೆಯದು ಇರಬೇಕೆಂಬುದು ಮತ್ತೊಂದು ಮುಖ.

ನಮಗೂ ಓತಿಗೂ ಮೈಯೊಳಗೆ ಮೂಳೆಯಿದೆ. ಮೂಳೆಯಲ್ಲಿ ಕ್ಯಾಲ್ಸಿಯಂ ಎಂಬ ಸುಣ್ಣಾಂಶವಿದೆ. ಹುಳುವಿಗೆ ಮೂಳೆಯಿಲ್ಲ. ಅದರ ಹೊರಗವಚ ಕೈಟಿನ್ ಎಂಬ ಬೇರೆಯೇ ವಸ್ತುವಿನದು. ಆದುದರಿಂದ ಬಹುತೇಕ ಎಲ್ಲ ಹುಳುಗಳಲ್ಲೂ ಸುಣ್ಣಾಂಶ ಕಡಮೆ, ರಂಜಕ ಹೆಚ್ಚು. ರಾತ್ರಿ ಚಿರ್ರೆಂದು ಕೂಗುವ ಕ್ರಿಕೆಟ್ ಹುಳುವನ್ನು ರಾಸಾಯನಿಕವಾಗಿ ಪರೀಕ್ಷಿಸಿದಾಗ ಒಂದು ಪಾಲು ಸುಣ್ಣಾಂಶಕ್ಕೆ ಏಳರಿಂದ ಒಂಬತ್ತು ಪಾಲು ರಂಜಕ ಕಂಡುಬಂದಿದೆ. ಹಿಟ್ಟಿನ ಹುಳುವಿನಲ್ಲಿ ಮತ್ತು ರೇಷ್ಮೆಹುಳುವಿನಲ್ಲಿ ಈ ಅಂತರ ಇನ್ನೂ ಹೆಚ್ಚು. ಓತಿಗೆ ಬೇಕಾದುದಾದರೋ ತದ್ವಿರುದ್ಧ: ರಂಜಕ ಒಂದು ಪಾಲಾದರೆ ಸುಣ್ಣಾಂಶ ಒಂದೂವರೆಯಿಂದ ಎರಡು ಪಾಲು.

ಈ ಕೊರತೆಯಿಂದ ಆಗುವುದೇನು? ಯಡಿಯೂರಿಗೆ ಸಮೀಪದಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯವಿದೆಯಷ್ಟೆ. ಮಳೆ ಬರಲಿ ಬಿಡಲಿ, ಬೆಳೆ ನಿಂತಿರುವಷ್ಟು ಕಾಲ ನಾಲೆಯಲ್ಲಿ ನೀರು ಹರಿಯಲೇಬೇಕು. ಹೊಸನೀರು ಬಾರದಿದ್ದರೆ ಜಲಾಶಯ ಇಳಿಯುತ್ತ ಹೋಗುತ್ತದೆ. ಮೈಯಲ್ಲಿ ರಕ್ತವೇ ಆ ನಾಲೆ, ಮೂಳೆಯೇ ಜಲಾಶಯ. ಹೃದಯ ಬಡಿಯಬೇಕಾದರೆ, ಸ್ನಾಯು ಕುಗ್ಗಿ ಹಿಗ್ಗಬೇಕಾದರೆ ರಕ್ತದಲ್ಲಿ ಸುಣ್ಣಾಂಶ ಒಂದು ಮಟ್ಟದಲ್ಲಿ ಇರಲೇಬೇಕು. ಆಹಾರದಿಂದ ಬಾರದಿದ್ದರೆ ಮೈ ಅದನ್ನು ಮೂಳೆಯಿಂದ ತೆಗೆಯುತ್ತದೆ. ತಿಂಗಳುಗಳ ಕಾಲ ಹೊರಗೆ ಏನೂ ಕಾಣುವುದಿಲ್ಲ. ಓತಿ ತಿನ್ನುತ್ತದೆ, ಬೆಳೆಯುತ್ತದೆ. ಅನಂತರ ಒಂದು ದಿನ ದವಡೆ ಮೆತ್ತಗಾಗಿ ಊದುತ್ತದೆ, ಬೆರಳುಗಳು ನಡುಗುತ್ತವೆ, ಬೆನ್ನು ಬಾಗುತ್ತದೆ, ಎದೆಯನ್ನೆತ್ತಿ ನಿಲ್ಲಲಾರದೆ ಅದು ನೆಲಕ್ಕೆ ಹೊಟ್ಟೆಯೂರಿ ತೆವಳುತ್ತದೆ. ಮನೆಯಲ್ಲಿ ಸಾಕಿದ ಓತಿಗಳ ದೊಡ್ಡ ಶತ್ರು ಈ ಮೂಳೆರೋಗವೇ. ಬಾಗಿದ ಮೂಳೆ ಮತ್ತೆ ನೆಟ್ಟಗಾಗುವುದು ಕಷ್ಟ. ತಡೆಯುವುದು ಮಾತ್ರ ಸುಲಭ.

ತಡೆಯುವ ಬಗೆ ಎರಡು. ಮೊದಲನೆಯದು ಹುಳುವಿಗೇ ಊಟ ಹಾಕುವುದು. ಓತಿಗೆ ಕೊಡುವ ಮುನ್ನ ಒಂದೆರಡು ದಿನ ಕ್ರಿಕೆಟ್ ಮೊದಲಾದ ಹುಳುಗಳಿಗೆ ನುಗ್ಗೆಸೊಪ್ಪು, ರಾಗಿಹಿಟ್ಟು ತಿನ್ನಿಸಿದರೆ ಅವುಗಳ ಕರುಳು ಒಳ್ಳೆಯ ಆಹಾರದಿಂದ ತುಂಬಿರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ; ಅಷ್ಟೇ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು ಮಾತ್ರ. ಆದರೆ ಮೇಲೆ ಹೇಳಿದ ದೊಡ್ಡ ಅಂತರವನ್ನು ತುಂಬಲು ರಾಗಿಯೊಂದೇ ಸಾಲದು. ಆ ಹಿಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನೂ ಬೆರೆಸಬೇಕು. ರೇಷ್ಮೆಹುಳುವಿಗೆ ಬೇರೆ ಆಹಾರ ಸಲ್ಲದು. ಹಿಪ್ಪುನೇರಳೆ ಎಲೆಯಲ್ಲೇ ಸುಣ್ಣಾಂಶ ಚೆನ್ನಾಗಿರುವುದರಿಂದ, ಎಲೆ ಮೇಯ್ದು ಕರುಳು ತುಂಬಿರುವಾಗಲೇ ಅದನ್ನು ಕೊಡಬೇಕು. ಒಂದು ದಿನ ಉಪವಾಸವಿದ್ದ ಹುಳು ಖಾಲಿ ಪಾತ್ರೆ.

ಎರಡನೆಯ ಬಗೆ, ಹುಳುವಿನ ಮೈಗೆ ಕ್ಯಾಲ್ಸಿಯಂ ಕಾರ್ಬೊನೇಟಿನ ನಯವಾದ ಪುಡಿಯನ್ನು ಸವರಿ ಕೊಡುವುದು. ಡಬ್ಬಿಯಲ್ಲಿ ಚಿಟಿಕೆ ಪುಡಿಯೊಡನೆ ಹುಳುಗಳನ್ನು ಹಾಕಿ ಮೆಲ್ಲಗೆ ಅಲುಗಿಸಿದರೆ ಸಾಕು. ಕ್ರಿಕೆಟ್ ತನ್ನ ಮೈಯನ್ನು ತಾನೇ ಉಜ್ಜಿ ಶುಚಿಮಾಡಿಕೊಳ್ಳುವ ಹುಳು. ತಡಮಾಡಿದರೆ ಪುಡಿಯೆಲ್ಲ ಪಂಜರದ ನೆಲಕ್ಕೆ ಉದುರುತ್ತದೆ. ಆದುದರಿಂದ ಸವರಿದೊಡನೆ ಉಣಿಸಬೇಕು. ಇಲ್ಲೊಂದು ಎಚ್ಚರಿಕೆ ಅಗತ್ಯ. ಸುಣ್ಣಾಂಶವೆಂದ ಮಾತ್ರಕ್ಕೆ ಎಲೆಯಡಕೆಗೆ ಹಚ್ಚುವ ಸುಣ್ಣವನ್ನು ಸವರಬಾರದು. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಬಾಯನ್ನೂ ಕರುಳನ್ನೂ ಸುಡುವ ಕ್ಷಾರ. ಮೊಟ್ಟೆಯ ಚಿಪ್ಪಾದರೋ ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟೇ. ಚೆನ್ನಾಗಿ ಕುದಿಸಿ ಒಣಗಿಸಿ ನುಣ್ಣಗೆ ಅರೆದು ಉಪಯೋಗಿಸಬಹುದು.

ಬೆಳಕೂ ಒಂದು ಆಹಾರ

ಸುಣ್ಣಾಂಶ ಹೊಟ್ಟೆಯನ್ನು ಸೇರಿದರೂ ಕರುಳಿನಿಂದ ರಕ್ತಕ್ಕೆ ದಾಟಬೇಕಾದರೆ ವಿಟಮಿನ್ ಡಿ ಎಂಬ ಅನ್ನಾಂಗದ ನೆರವು ಬೇಕು. ಹಗಲು ಬಿಸಿಲು ಕಾಯುವ ಓತಿಗಳು ಇದನ್ನು ಪಡೆಯುವುದು ಮುಖ್ಯವಾಗಿ ಬೆಳಕಿನಿಂದ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆಯಷ್ಟೆ. ಅವುಗಳ ಪೈಕಿ ಸುಮಾರು 290ರಿಂದ 315 ನ್ಯಾನೊಮೀಟರ್ ತರಂಗದೂರದ ಕಿರಣಗಳು ಚರ್ಮದಲ್ಲಿರುವ, ಕೊಲೆಸ್ಟರಾಲಿಗೆ ಹತ್ತಿರದ ಒಂದು ವಸ್ತುವಿನ ಅಣುವನ್ನು ಒಡೆದು ಬೇರೆ ರೂಪಕ್ಕೆ ತರುತ್ತವೆ. ಆ ರೂಪ ಮೈಯ ಶಾಖದಿಂದ ನಿಧಾನವಾಗಿ ಡಿ ಅನ್ನಾಂಗವಾಗುತ್ತದೆ. ಬೆಳಕು ಮಾತ್ರವೇ ಸಾಲದು, ಶಾಖವೂ ಬೇಕು ಎಂಬುದನ್ನು ಗಮನಿಸಬೇಕು.

ಕಿಟಕಿಯ ಹತ್ತಿರ ಪಂಜರವನ್ನಿಟ್ಟು ಬಿಸಿಲು ಕಾಯಿಸಿದೆವೆಂದು ಸಮಾಧಾನಪಡುವವರು ಬಹಳ. ಸಾಮಾನ್ಯ ಗಾಜು ಕಾಣುವ ಬೆಳಕನ್ನು ಬಿಡುತ್ತದೆ. ಈ ಕಿರಣಗಳನ್ನು ಮಾತ್ರ ಬಹುಮಟ್ಟಿಗೆ ತಡೆದುಬಿಡುತ್ತದೆ. ಓತಿಗೆ ಬೆಚ್ಚಗಾಗುತ್ತದೆ, ಅನ್ನಾಂಗ ಮಾತ್ರ ಹುಟ್ಟುವುದಿಲ್ಲ. ಸಾಮಾನ್ಯ ಬಲ್ಬಿನ ಕಥೆಯೂ ಇದೇ. ಇದಕ್ಕಾಗಿಯೇ ತಯಾರಾದ ನೇರಳಾತೀತ ದೀಪಗಳಿವೆ. ಅವುಗಳಿಂದ ದೂರ ಹೋದಂತೆ ಕಿರಣಗಳ ತೀವ್ರತೆ ಬೇಗ ಕುಗ್ಗುತ್ತದೆ. ಆದುದರಿಂದ ತಯಾರಕರು ಹೇಳಿದ ದೂರವನ್ನು ಪಾಲಿಸಬೇಕು. ದೀಪ ಕಣ್ಣಿಗೆ ಪ್ರಕಾಶಮಾನವಾಗಿಯೇ ಕಂಡರೂ ಕೆಲವು ತಿಂಗಳ ಬಳಿಕ ಅದರ ನೇರಳಾತೀತ ಅಂಶ ಕ್ಷೀಣಿಸುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಬದಲಾಯಿಸುವುದು ವಾಡಿಕೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಮಗೆ ಸೂರ್ಯನೇ ಧಾರಾಳಿಯಾಗಿರುವಾಗ, ಬೆಳಗಿನ ಬಿಸಿಲಿನಲ್ಲಿ ತಂತಿಬಲೆಯ ಪಂಜರವನ್ನು ಸ್ವಲ್ಪ ಹೊತ್ತು, ಅರ್ಧ ನೆರಳಿರುವಂತೆ ಇಡುವುದು ಎಲ್ಲಕ್ಕಿಂತ ಉತ್ತಮ. ಗಾಜಿನ ಪೆಟ್ಟಿಗೆಯನ್ನು ಬಿಸಿಲಿಗಿಟ್ಟರೆ ಮಾತ್ರ ಒಳಗಿನ ಶಾಖ ಹೊರಹೋಗಲಾರದೆ ಏರಿ, ಪ್ರಾಣಿ ನಿಮಿಷಗಳಲ್ಲಿ ಬೆಂದುಹೋಗಬಹುದು.

ಜಠರದ ಒಲೆ

ನಮ್ಮ ಮೈಯ ಉಷ್ಣತೆ ಹಗಲೂ ರಾತ್ರಿಯೂ ಒಂದೇ. ಓತಿಗೆ ಹಾಗಲ್ಲ; ಅದು ಹೊರಗಿನಿಂದ ಶಾಖವನ್ನು ಸಾಲ ತರಬೇಕು. ಗಡ್ಡದ ಓತಿ ತನ್ನ ಮೈಯನ್ನು ಸುಮಾರು 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಟ್ಟುಕೊಳ್ಳಲು ಬಯಸುತ್ತದೆ. ಜೀರ್ಣವೆಂಬುದು ರಾಸಾಯನಿಕ ಕ್ರಿಯೆ; ಉಷ್ಣತೆ 10 ಡಿಗ್ರಿ ಇಳಿದರೆ ಇಂಥ ಕ್ರಿಯೆಗಳ ವೇಗ ಸಾಮಾನ್ಯವಾಗಿ ಅರ್ಧಕ್ಕೋ ಮೂರನೆಯ ಒಂದು ಪಾಲಿಗೋ ಇಳಿಯುತ್ತದೆ. ಮಾಗಿಯ ರಾತ್ರಿಯಲ್ಲಿ ಮೈ 15 ಡಿಗ್ರಿಗೆ ಇಳಿಯಿತೆನ್ನಿ. ಆಗ ವೇಗ ನಾಲ್ಕನೆಯ ಒಂದು ಪಾಲಿಗೆ, ಇಲ್ಲವೆ ಒಂಬತ್ತನೆಯ ಒಂದು ಪಾಲಿಗೆ ಬರುತ್ತದೆ. ಸಂಜೆ ತಿಂದ ಹುಳು ಹೊಟ್ಟೆಯಲ್ಲಿ ಕರಗದೆ ಕೊಳೆಯುತ್ತದೆ. ಆದುದರಿಂದ ಓತಿ ಬೆಳಿಗ್ಗೆ ಚೆನ್ನಾಗಿ ಬಿಸಿ ಕಾಯಿಸಿಕೊಂಡ ಮೇಲೆ ಉಣಿಸಬೇಕು. ಉಂಡ ಮೇಲೂ ಕೆಲವು ಗಂಟೆಗಳ ಕಾಲ ಶಾಖ ದೊರೆಯಬೇಕು. ದೀಪ ಆರುವ ಹೊತ್ತಿನಲ್ಲಿ ಊಟ ಸಲ್ಲದು. ಪಂಜರದ ಒಂದು ತುದಿ 40 ಡಿಗ್ರಿಯ ಸಮೀಪದಲ್ಲಿದ್ದು, ಇನ್ನೊಂದು ತುದಿ ತಂಪಾಗಿ 25 ಡಿಗ್ರಿಯಷ್ಟಿದ್ದರೆ ಅದು ತನಗೆ ಬೇಕಾದ ಉಷ್ಣತೆಯನ್ನು ತಾನೇ ಆರಿಸಿಕೊಳ್ಳುತ್ತದೆ. ವಿದ್ಯುತ್ತು ಹೋಗಿ ದೀಪ ಕೆಟ್ಟ ದಿನ ಊಟವನ್ನು ಮುಂದೂಡಿದರೆ ಬೆಳೆದ ಓತಿಗೆ ಹಾನಿಯಿಲ್ಲ.

ಅಳತೆಯ ಮಾತು

ಹುಳುವಿನ ಗಾತ್ರಕ್ಕೆ ಅನುಭವಿಗಳು ಹೇಳುವ ಸೂತ್ರವೊಂದಿದೆ: ಓತಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಹುಳು ದೊಡ್ಡದಾಗಿರಬಾರದು. ಇದು ಕೇವಲ ಬಾಯಿಯ ಅಗಲದ ಮಾತಲ್ಲ. ಒಂದು ವಸ್ತುವಿನ ಉದ್ದ, ಅಗಲ, ಎತ್ತರ ಮೂರೂ ಎರಡರಷ್ಟಾದರೆ ಅದರ ತೂಕ ಎಂಟರಷ್ಟಾಗುತ್ತದೆ. ಕಣ್ಣಿಗೆ ಸ್ವಲ್ಪವೇ ದೊಡ್ಡದಾಗಿ ತೋರುವ ಹುಳು ಹೊಟ್ಟೆಗೆ ಬಹಳ ದೊಡ್ಡ ಹೊರೆ. ಹುಟ್ಟಿದ ಮರಿ ಸುಮಾರು 10 ಸೆಂಟಿಮೀಟರ್. ಬೆಳೆದದ್ದು ಅದರ ಐದರಷ್ಟು ಉದ್ದವಾದರೂ ತೂಕದಲ್ಲಿ ನೂರರಷ್ಟಕ್ಕೂ ಮಿಕ್ಕಿರುತ್ತದೆ. ದೊಡ್ಡ ಓತಿಗೆ ತಕ್ಕ ಹುಳುವನ್ನು ಮರಿಗೆ ಕೊಟ್ಟರೆ ಕೈಟಿನ್ನಿನ ಗಟ್ಟಿ ಕವಚ ಜೀರ್ಣವಾಗದೆ ಕರುಳನ್ನು ಕಟ್ಟಬಹುದು. ಚಿಕ್ಕ ಹುಳುವಿನಲ್ಲಿ ಇನ್ನೊಂದು ಲಾಭವುಂಟು: ಗಾತ್ರ ಕಿರಿದಾದಷ್ಟೂ ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚು, ಆದುದರಿಂದ ಅದೇ ತೂಕದ ಊಟದಲ್ಲಿ ಸುಣ್ಣಾಂಶದ ಪುಡಿ ಹೆಚ್ಚು ಅಂಟಿ ಒಳಸೇರುತ್ತದೆ.

ಬೆಳೆಯುವ ಮರಿಗಳಿಗೆ ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷಗಳಲ್ಲಿ ತಿನ್ನುವಷ್ಟು ಹುಳು ಬೇಕು. ಬೆಳೆದ ಮೇಲೆ ಸೊಪ್ಪೇ ಮುಖ್ಯ ಆಹಾರ. ಹುಳು ವಾರಕ್ಕೆ ಕೆಲವು ಸಲ ಸಾಕು. ಓತಿ ತಿನ್ನದೆ ಬಿಟ್ಟ ಕ್ರಿಕೆಟ್‌ಗಳನ್ನು ಹುಡುಕಿ ತೆಗೆದುಬಿಡಬೇಕು. ರಾತ್ರಿಯಲ್ಲಿ ಅವು ಹಸಿದು, ತಣ್ಣಗಾಗಿ ಮಲಗಿದ ಓತಿಯನ್ನೇ ಕಚ್ಚುವುದುಂಟು. ಹುಳುಗಳ ಡಬ್ಬಿಯನ್ನೂ ಪಂಜರದಷ್ಟೇ ಶುಚಿಯಾಗಿಡಬೇಕು. ಓತಿಯ ಮಲದಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣುಗಳಿರಬಹುದಾದುದರಿಂದ ಅದನ್ನು ಮುಟ್ಟಿದ ಮಕ್ಕಳು ಸಾಬೂನಿನಿಂದ ಕೈ ತೊಳೆಯುವುದನ್ನು ಮರೆಯಬಾರದು. ಅದು ಊಟ ಬಿಟ್ಟಾಗ, ಕೈಕಾಲು ನಡುಗಿದಾಗ, ದವಡೆ ಮೆತ್ತಗಾದಾಗ ಮನೆಮದ್ದಿನಲ್ಲಿ ಕಾಲ ಕಳೆಯದೆ ಪಶುವೈದ್ಯರಿಗೆ ತೋರಿಸುವುದು ಕರ್ತವ್ಯ.

ಇಷ್ಟನ್ನೂ ಓದಿದ ಮೇಲೆ, ಬೇಲಿಯ ಓತಿಕೇತವನ್ನೇ ಹಿಡಿದು ಸಾಕಬಹುದಲ್ಲ ಎಂದು ಯಾರಿಗಾದರೂ ತೋಚಿದರೆ ಆ ಯೋಚನೆಯನ್ನು ಬಿಡುವುದೇ ಲೇಸು. ಅದು ರೈತನ ಹೊಲದ ಹುಳುಗಳನ್ನು ತಿಂದು ತನ್ನ ಪಾಡಿಗೆ ತಾನು ಸುಖವಾಗಿದೆ. ಅದಕ್ಕೆ ನಮ್ಮ ಉಪಕಾರ ಬೇಕಾಗಿಲ್ಲ. ಗಡ್ಡದ ಓತಿಯನ್ನು ಬೇಸರವಾಯಿತೆಂದು ಹೊಲಕ್ಕೆ ಬಿಡುವುದೂ ಅಷ್ಟೇ ತಪ್ಪು. ಸಾಕಲು ಹೊರಟವರು ಹುಳುವೊಂದನ್ನು ಕೈಗೆತ್ತಿಕೊಂಡಾಗಲೆಲ್ಲ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು: ಇದು ಏನನ್ನು ತಿಂದಿದೆ? ಇದರ ಅಳತೆ ತಕ್ಕುದಾಗಿದೆಯೆ? ಇದನ್ನು ಅರಗಿಸಿಕೊಳ್ಳುವಷ್ಟು ಶಾಖವೂ ಬೆಳಕೂ ಈ ಪ್ರಾಣಿಗೆ ದೊರೆತಿವೆಯೆ? ಮೂರಕ್ಕೂ ನಿಶ್ಚಿತವಾದ ಉತ್ತರವಿದ್ದರೆ ಉಣಿಸಬಹುದು. ಒಂದಕ್ಕೆ ಸಂದೇಹವಿದ್ದರೂ ಅಂದಿಗೆ ಸೊಪ್ಪೇ ಸಾಕು.